ಕೈನೆಸಿನ್‌ನ ನಡಿಗೆ: ಮಾಪನಗಳು, ಅನಿಮೇಷನ್‌ಗಳು ಮತ್ತು ಕಾಲಪ್ರಮಾಣ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಜೀವಕೋಶದೊಳಗೆ ಸರಕು ಸಾಗಿಸುವ ಕೈನೆಸಿನ್-1 ಎಂಬ ಪ್ರೋಟೀನು ವಿಜ್ಞಾನದ ಸಾಕ್ಷ್ಯಚಿತ್ರಗಳಲ್ಲೂ ವಸ್ತುಸಂಗ್ರಹಾಲಯಗಳ ಪರದೆಗಳಲ್ಲೂ ಪದೇ ಪದೇ ಕಾಣಿಸಿಕೊಳ್ಳುವ ಅಣು. ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಯ ಮೇಲೆ ದೊಡ್ಡದೊಂದು ಪೊರೆಚೀಲವನ್ನು ಎಳೆಯುತ್ತ, ಎರಡು ಕಾಲುಗಳಲ್ಲಿ ನಡೆಯುವಂತೆ ಅದನ್ನು ತೋರಿಸುವುದು ರೂಢಿ. ಈ ಟಿಪ್ಪಣಿ ಎರಡು ಪ್ರಶ್ನೆಗಳಿಗೆ ಸೀಮಿತ. ಆ ನಡಿಗೆಯ ಯಾವ ಅಂಶಕ್ಕೆ ಯಾವ ವರ್ಷದ ಮಾಪನದ ಆಧಾರವಿದೆ? ತೆರೆಯ ಕಾಲಕ್ಕೂ ಅಣುವಿನ ಕಾಲಕ್ಕೂ ಇರುವ ಅನುಪಾತ ಎಂಥದು? ಅನಿಮೇಷನ್‌ಗಳ ಕಲಾಮೌಲ್ಯ ಇಲ್ಲಿ ಚರ್ಚೆಯ ವಿಷಯವಲ್ಲ.

2. ಮಾಪನಗಳ ಅನುಕ್ರಮ

2.1. ವೇಲ್, ರೀಸ್ ಮತ್ತು ಶೀಟ್ಸ್ ಅವರು ಸ್ಕ್ವಿಡ್ ನರತಂತುವಿನ ಸಾರದಿಂದ ಕೈನೆಸಿನ್ ಅನ್ನು ಪ್ರತ್ಯೇಕಿಸಿದ ವರದಿ 1985ರದು. ಅಣುವಿನ ಒಟ್ಟು ಉದ್ದ ಸುಮಾರು 80 ನ್ಯಾನೋಮೀಟರ್ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿದದ್ದು. ಮೋಟಾರ್ ಭಾಗದ, ಎಂದರೆ ‘ತಲೆ’ಯ, ಸ್ಫಟಿಕ ರಚನೆ 1996ರಲ್ಲಿ ಪ್ರಕಟವಾಯಿತು. ಆದ್ದರಿಂದ ಅನಿಮೇಷನ್‌ನಲ್ಲಿ ತಲೆಯ ಆಕಾರಕ್ಕೆ ಇರುವ ಪರಮಾಣು ಮಟ್ಟದ ಆಧಾರ ಉದ್ದನೆಯ ಕಾಂಡಕ್ಕೂ ಅಷ್ಟೇ ಗಟ್ಟಿಯಾಗಿ ಇದೆ ಎಂದು ಭಾವಿಸಲಾಗದು.

2.2. ಹೆಜ್ಜೆಯ ಅಳತೆ ಸುಮಾರು 8 ನ್ಯಾನೋಮೀಟರ್ ಎಂಬುದನ್ನು ಸ್ವೊಬೋಡ, ಸ್ಮಿಟ್, ಶ್ನಾಪ್ ಮತ್ತು ಬ್ಲಾಕ್ ಬೆಳಕಿನ ಚಿಮುಟದ ನೆರವಿನಿಂದ 1993ರಲ್ಲಿ ತೋರಿಸಿದರು. ಮೈಕ್ರೋಟ್ಯೂಬ್ಯೂಲ್‌ನಲ್ಲಿ ಟ್ಯೂಬ್ಯುಲಿನ್ ಜೋಡಿಗಳ ನಡುವಿನ ಅಂತರವೂ ಇಷ್ಟೇ. ಒಂದು ಹೆಜ್ಜೆಗೆ ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ವ್ಯಯವಾಗುತ್ತದೆ ಎಂಬ ನಿರ್ಣಯ 1997ರದು.

2.3. ಎರಡು ತಲೆಗಳು ಸರದಿಯಂತೆ ಮುಂದಾಗುತ್ತವೆಯೋ, ಅಥವಾ ಒಂದೇ ತಲೆ ಸದಾ ಮುಂದಿದ್ದು ಇನ್ನೊಂದು ಅದರ ಹಿಂದೆ ತೆವಳುತ್ತದೆಯೋ ಎಂಬುದು ಹೆಚ್ಚು ಕಾಲ ತೀರ್ಮಾನವಾಗದೆ ಉಳಿದಿತ್ತು. 2002ರಲ್ಲಿ ಹುವಾ, ಚುಂಗ್ ಮತ್ತು ಗೆಲ್ಲೆಸ್ ಅವರ ಪ್ರಯೋಗ ಎರಡನೆಯ ಸಾಧ್ಯತೆಯ ಕಡೆಗೆ ವಾಲಿತು. ಆಸ್‌ಬರಿ, ಫೆಹ್ರ್ ಮತ್ತು ಬ್ಲಾಕ್ ಅವರ 2003ರ ಪ್ರಬಂಧ ಹಾಗೂ ಯಿಲ್ಡಿಜ್ ಮತ್ತು ಸಂಗಡಿಗರ ಪ್ರಬಂಧ ಮೊದಲನೆಯದನ್ನು ಸಮರ್ಥಿಸಿದವು. ಯಿಲ್ಡಿಜ್ ತಂಡಕ್ಕೆ ಒಂದೇ ತಲೆಯ ಜಿಗಿತ ಸರಾಸರಿ 17.3 ನ್ಯಾನೋಮೀಟರ್ ಎಂದು ಸಿಕ್ಕಿತು. ಇದು 8 ನ್ಯಾನೋಮೀಟರಿನ ಸುಮಾರು ಇಮ್ಮಡಿ, ಸರದಿಯ ನಡಿಗೆಯಿಂದ ನಿರೀಕ್ಷಿತವಾದದ್ದೂ ಅದೇ. ಈ ಎರಡನೆಯ ಪ್ರಬಂಧ ಆನ್‌ಲೈನ್‌ನಲ್ಲಿ ಬಂದದ್ದು 2003ರ ಡಿಸೆಂಬರ್, ಮುದ್ರಣವಾದದ್ದು 2004ರ ಜನವರಿ. ಎರಡೂ ವರ್ಷಗಳ ಉಲ್ಲೇಖ ಸಾಧುವೇ.

3. ಅನಿಮೇಷನ್‌ಗಳ ಅನುಕ್ರಮ

3.1. ವೇಲ್ ಮತ್ತು ಮಿಲ್ಲಿಗನ್ ಅವರ 2000ದ ಸಮೀಕ್ಷಾ ಲೇಖನದೊಂದಿಗೆ ಗ್ರಹಾಂ ಜಾನ್ಸನ್ ರಚಿಸಿದ ಅನಿಮೇಷನ್ ಪ್ರಕಟವಾಯಿತು. ಅದರಲ್ಲಿ ತಲೆಗಳು ಸರದಿಯಂತೆಯೇ ಮುಂದಾಗುತ್ತವೆ. ಚಿತ್ರಣ 2000, ಅದಕ್ಕೆ ಎದುರಾದ ಸಾಕ್ಷ್ಯ 2002, ನೇರ ಸಮರ್ಥನೆ 2003–04: ಚಿತ್ರಣ ಇಲ್ಲಿ ಮಾಪನಕ್ಕಿಂತ ಮೂರು ವರ್ಷ ಮುಂಚಿನದು. ಇದನ್ನು ಊಹೆ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಜೀವರಾಸಾಯನಿಕ ಮತ್ತು ರಚನಾತ್ಮಕ ಸಾಕ್ಷ್ಯಗಳು ಆಗಲೇ ಆ ದಿಕ್ಕನ್ನು ಸೂಚಿಸಿದ್ದವು. ಆದರೆ ಅದು ಆಗ ಒಂದು ಪ್ರತಿಪಾದನೆಯಾಗಿತ್ತು, ದಾಖಲೆಯಾಗಿರಲಿಲ್ಲ.

3.2. ಹೆಚ್ಚು ಪ್ರಸಿದ್ಧವಾದ ‘ದಿ ಇನ್ನರ್ ಲೈಫ್ ಆಫ್ ದ ಸೆಲ್’ 2006ರದು. ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಲೂ ಮತ್ತು ಅಲಾನ್ ವಿಯೆಲ್ ಅವರ ಮಾರ್ಗದರ್ಶನದಲ್ಲಿ ಎಕ್ಸ್‌ವಿವೊ ಸಂಸ್ಥೆ ಇದನ್ನು ತಯಾರಿಸಿತು. ಮುಖ್ಯ ಅನಿಮೇಟರ್ ಜಾನ್ ಲೀಬ್ಲರ್. ಅದೇ ವರ್ಷದ ಸಿಗ್ರಾಫ್ ಸಮಾವೇಶದಲ್ಲಿ ಇದರ ಪ್ರದರ್ಶನವಾಯಿತು. ಎಕ್ಸ್‌ವಿವೊದ ಡೇವಿಡ್ ಬೊಲಿನ್ಸ್ಕಿ ಟೆಡ್ ವೇದಿಕೆಯಲ್ಲಿ ಇದರ ಬಗ್ಗೆ ಮಾತನಾಡಿದ್ದು 2007ರಲ್ಲಿ. ಆ ವರ್ಷವನ್ನು ನಿರ್ಮಾಣದ ವರ್ಷವೆಂದು ಗಣಿಸಬಾರದು. ನಿರೂಪಣೆಯುಳ್ಳ ಸುಮಾರು ಎಂಟು ನಿಮಿಷದ ಆವೃತ್ತಿ, ಸಂಗೀತ ಮಾತ್ರವಿರುವ ಸುಮಾರು ಮೂರು ನಿಮಿಷದ ಆವೃತ್ತಿ ಎಂದು ಎರಡಿವೆ. ಚರ್ಚೆಯಲ್ಲಿ ಯಾವುದನ್ನು ಉದ್ದೇಶಿಸಿದೆ ಎಂದು ಹೇಳುವುದು ಅಗತ್ಯ, ಏಕೆಂದರೆ ಕಿರು ಆವೃತ್ತಿಯಲ್ಲಿ ವಿವರಣೆಗೆ ಅವಕಾಶವೇ ಇಲ್ಲ.

3.3. ಅದೇ ಸಹಯೋಗದ ‘ಪ್ರೋಟೀನ್ ಪ್ಯಾಕಿಂಗ್’ 2014ರದು. ಇದರಲ್ಲಿ ಪ್ರೋಟೀನುಗಳ ಒತ್ತಣೆಯೂ ಉಷ್ಣಜನ್ಯ ನಡುಕವೂ ತೆರೆಗೆ ಬಂದಿವೆ. 2006ರ ಚಿತ್ರದಲ್ಲಿ ಇವೆರಡನ್ನೂ ಬಹುಮಟ್ಟಿಗೆ ಬಿಡಲಾಗಿತ್ತು.

4. ಕಾಲದ ಲೆಕ್ಕ

4.1. ಎಟಿಪಿ ಯಥೇಚ್ಛವಾಗಿರುವ ಪ್ರಯೋಗದಲ್ಲಿ ಕೈನೆಸಿನ್‌ನ ವೇಗ ಸೆಕೆಂಡಿಗೆ ಸುಮಾರು 800 ನ್ಯಾನೋಮೀಟರ್ ಎಂದು ಹಿಡಿದರೆ, ಹೆಜ್ಜೆಗಳು ಸೆಕೆಂಡಿಗೆ ಸುಮಾರು 100, ಒಂದು ಚಕ್ರದ ಅವಧಿ 10 ಮಿಲಿಸೆಕೆಂಡ್. ಸೆಕೆಂಡಿಗೆ 24 ಫ್ರೇಮ್‌ಗಳ ಚಿತ್ರದಲ್ಲಿ ಒಂದು ಫ್ರೇಮ್‌ನ ಅವಧಿ 41.7 ಮಿಲಿಸೆಕೆಂಡ್, ಅಷ್ಟರಲ್ಲಿ ನಾಲ್ಕು ಹೆಜ್ಜೆಗಳು ಮುಗಿದಿರುತ್ತವೆ. 60 ಫ್ರೇಮ್‌ಗಳ ಪರದೆಯಲ್ಲೂ ಒಂದು ಫ್ರೇಮ್‌ಗೆ ಒಂದಕ್ಕಿಂತ ಹೆಚ್ಚು ಹೆಜ್ಜೆ ಬೀಳುತ್ತದೆ. ಹೀಗಾಗಿ ನೈಜ ವೇಗದಲ್ಲಿ ನಡಿಗೆಯನ್ನು ತೋರಿಸಲು ಬಾರದು. ಇಷ್ಟರ ಮಟ್ಟಿಗೆ ನಿಧಾನಗೊಳಿಸುವುದು ಅನಿವಾರ್ಯ.

4.2. ತೊಡಕಿರುವುದು ನಿಧಾನಗತಿಯಲ್ಲಲ್ಲ, ಅದರ ಹಂಚಿಕೆಯಲ್ಲಿ. ಕಾರ್ಟರ್ ಮತ್ತು ಕ್ರಾಸ್ ಅವರ 2005ರ ಮಾಪನದಂತೆ ಹೆಜ್ಜೆಯ ಚಲನೆ ಮೈಕ್ರೋಸೆಕೆಂಡ್ ಪ್ರಮಾಣದ್ದು. ಲೆಕ್ಕದ ಸಲುವಾಗಿ ಅದನ್ನು 50 ಮೈಕ್ರೋಸೆಕೆಂಡ್ ಎಂದು ಇಟ್ಟುಕೊಳ್ಳೋಣ. ಆ ಚಲನೆಗೆ 10 ಫ್ರೇಮ್ (0.42 ಸೆಕೆಂಡ್) ಕೊಡಬೇಕಾದರೆ ಕಾಲವನ್ನು ಸುಮಾರು 8,300 ಪಟ್ಟು ಹಿಗ್ಗಿಸಬೇಕು. ಅದೇ ಪ್ರಮಾಣವನ್ನು ಇಡೀ ಚಕ್ರಕ್ಕೆ ಅನ್ವಯಿಸಿದರೆ ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ಪ್ರೇಕ್ಷಕರು ಸುಮಾರು 83 ಸೆಕೆಂಡ್ ಕಾಯಬೇಕಾಗುತ್ತದೆ. ರೂಢಿಯ ಅನಿಮೇಷನ್‌ನಲ್ಲಿ ಚಲನೆಗೇ ಹೆಚ್ಚಿನ ಫ್ರೇಮ್‌ಗಳು, ವಿರಾಮಕ್ಕೆ ಕೆಲವೇ. ಅಂದರೆ ಅಲ್ಲಿ ಕಾಲಪ್ರಮಾಣ ಒಂದಲ್ಲ, ಕನಿಷ್ಠ ಎರಡು.

4.3. ಈ ಲೆಕ್ಕಕ್ಕೆ ಒಂದು ಮಿತಿ ಇದೆ. 2005ರ ಮಾಪನ ಅಣು ಎಳೆಯುತ್ತಿದ್ದ ಮಣಿಯದು, ತಲೆಯದ್ದಲ್ಲ. ತಲೆಗೇ ಚಿನ್ನದ ನ್ಯಾನೋಕಣ ಅಂಟಿಸಿ 2015 ಮತ್ತು 2016ರಲ್ಲಿ ಪ್ರಕಟಿಸಿದ ಅಧ್ಯಯನಗಳು, ಒಂದು ತಲೆ ಬಿಡಿಯಾಗಿರುವ ಮಧ್ಯಂತರ ಸ್ಥಿತಿ ಮಿಲಿಸೆಕೆಂಡ್ ಪ್ರಮಾಣದಲ್ಲಿ ಉಳಿಯುತ್ತದೆಂದು ತೋರಿಸಿವೆ. ಆದ್ದರಿಂದ ಆ 83 ಸೆಕೆಂಡನ್ನು ಸಂಪೂರ್ಣ ನಿಶ್ಚಲತೆ ಎಂದು ಓದಬಾರದು; ಅದರ ಒಂದು ಭಾಗದಲ್ಲಿ ಬಿಡಿ ತಲೆ ಅತ್ತಿತ್ತ ಅಲೆಯುತ್ತಿರುತ್ತದೆ. ಗುರಿಯಿಟ್ಟು ಪಾದ ಊರುವಂಥ ಚಲನೆಗೆ ಈ ಮಾಪನಗಳಲ್ಲೂ ಆಧಾರ ಸಿಗುವುದಿಲ್ಲ.

5. ಬಲದ ಲೆಕ್ಕ

ಕೋಣೆಯ ಉಷ್ಣತೆಯಲ್ಲಿ ಉಷ್ಣಶಕ್ತಿಯ ಮಾನ ಸುಮಾರು 4.1 ಪಿಕೋನ್ಯೂಟನ್-ನ್ಯಾನೋಮೀಟರ್. ಕೈನೆಸಿನ್ ಸುಮಾರು 6 ಪಿಕೋನ್ಯೂಟನ್ ಪ್ರತಿಬಲದ ಎದುರು 8 ನ್ಯಾನೋಮೀಟರ್ ಸರಿದರೆ ಮಾಡುವ ಕೆಲಸ ಅದೇ ಏಕಮಾನದಲ್ಲಿ ಸುಮಾರು 48, ಎಂದರೆ ಉಷ್ಣಶಕ್ತಿಯ ಸುಮಾರು ಹನ್ನೆರಡು ಪಟ್ಟು. ವ್ಯತ್ಯಾಸ ಒಂದು ದಶಮಾನ ಘಾತದಷ್ಟು ಮಾತ್ರ. ಹೀಗಿರುವಾಗ ನಡುಕವಿಲ್ಲದ ನಡಿಗೆ ಭೌತಿಕವಾಗಿ ಸಂಭವನೀಯವಲ್ಲ. ನಡುಕವನ್ನು ತೆಗೆದದ್ದು ಸ್ಪಷ್ಟತೆಗಾಗಿ ಎಂಬ ಸಮರ್ಥನೆ ಒಪ್ಪತಕ್ಕದ್ದೇ ಇರಬಹುದು. ಆದರೆ ತೆಗೆಯಲಾಗಿದೆ ಎಂಬ ಸಂಗತಿ ತೆರೆಯಿಂದ ತಿಳಿಯುವುದಿಲ್ಲ. ಒತ್ತಣೆಯ ಮಟ್ಟಿಗೆ, ಡೇವಿಡ್ ಗುಡ್‌ಸೆಲ್ ಅವರ ಜಲವರ್ಣಗಳು 1990ರ ದಶಕದ ಆರಂಭದಿಂದಲೇ ಕೋಶವನ್ನು ಅಣುಗಳಿಂದ ಕಿಕ್ಕಿರಿದಂತೆ ತೋರಿಸುತ್ತ ಬಂದಿವೆ. ಆದ್ದರಿಂದ 2006ರ ಖಾಲಿ ಅವಕಾಶಕ್ಕೆ ಮಾಹಿತಿಯ ಕೊರತೆ ಕಾರಣವಲ್ಲ. ಆಯ್ಕೆ ಎನ್ನುವುದು ಹೆಚ್ಚು ಸಂಭಾವ್ಯ.

6. ಫಲಿತ

ಮೇಲಿನ ಸಾಕ್ಷ್ಯ ಒಂದೇ ಪ್ರೋಟೀನಿಗೆ, ಮೂರು ಅನಿಮೇಷನ್‌ಗಳಿಗೆ ಸಂಬಂಧಿಸಿದ್ದು, ಸಾಮಾನ್ಯೀಕರಣಕ್ಕೆ ಸಾಲದು. ಆದರೂ ಒಂದು ಸೀಮಿತ ಸೂಚನೆಗೆ ಎಡೆಯಿದೆ. ಒಂದೇ ದೃಶ್ಯದಲ್ಲಿ ಮಾಪನವಾದದ್ದು (ಹೆಜ್ಜೆಯ ಅಳತೆ), ಅನುಮಾನದಿಂದ ತುಂಬಿದ್ದು (ಕಾಂಡದ ಬಾಗು), ಬೇಕೆಂದೇ ಬಿಟ್ಟದ್ದು (ನಡುಕ, ಒತ್ತಣೆ) ಒಂದೇ ಹೊಳಪಿನಲ್ಲಿ ಕಾಣುತ್ತವೆ. ವಸ್ತುಸಂಗ್ರಹಾಲಯದ ವಿವರಣಾ ಫಲಕದಲ್ಲಿ ಈ ಮೂರನ್ನು ಬೇರ್ಪಡಿಸಿ, ಚಲನೆಗೆ ಮತ್ತು ವಿರಾಮಕ್ಕೆ ಬಳಸಿದ ಕಾಲಪ್ರಮಾಣಗಳನ್ನು ಪ್ರತ್ಯೇಕವಾಗಿ ನಮೂದಿಸಿ, ಆಧಾರವಾದ ಮಾಪನದ ವರ್ಷವನ್ನು ಕೊಡುವುದು ಕಷ್ಟವಲ್ಲ. ವರ್ಷ ನಮೂದಾಗಿದ್ದರೆ, 2015ರ ನಂತರದ ಮಾಪನಗಳಿಂದ ಯಾವ ದೃಶ್ಯ ತಿದ್ದುಪಡಿಗೆ ಒಳಗಾಗಬೇಕು ಎಂಬುದನ್ನಾದರೂ ಗುರುತಿಸಲು ಸಾಧ್ಯವಾಗುತ್ತದೆ.