ಬಾಲ್, ಬಸ್ಸು, ಹಾಯಸ್ಕೂಲ್: ಗಡಿಭಾಗದ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಶಬ್ದಗಳು



ಜೂನ್ ತಿಂಗಳು ಸಮೀಪಿಸಿತೆಂದರೆ ನಮ್ಮ ಭಾಗದ ಕನ್ನಡ ಶಾಲೆಗಳ ಕಾರ್ಯಾಲಯದಲ್ಲಿ ಒಂದೇ ಮಾತು ಕೇಳಿಬರುತ್ತದೆ: “ಸರ್, ಹುಡುಗನ ದಾಖಲಾ ಕೊಡ್ರಿ.” ನಾನು ಮುಖ್ಯಾಧ್ಯಾಪಕನಾಗಿದ್ದಾಗ ಗಡಹಿಂಗ್ಲಜ ತಾಲೂಕಿನ ಪಾಲಕರೊಬ್ಬರು ಹೀಗೆಯೇ ಬಂದಿದ್ದರು. ಕಾರಣ ಕೇಳಿದೆ. ಅವರ ಮಗ ಮರಾಠಿ ಹುಡುಗರೊಡನೆ ಕ್ರಿಕೆಟ್ ಆಡುವಾಗ ಚೆಂಡಿಗೆ ‘ಬಾಲ್’ ಎಂದನಂತೆ. ಮರಾಠಿಯಲ್ಲಿ ‘ಬಾಲ’ ಎಂದರೆ ಕೂಸು. ಮೈದಾನದಲ್ಲಿದ್ದವರೆಲ್ಲ ನಕ್ಕರು, ಹುಡುಗ ಅಳುತ್ತ ಮನೆಗೆ ಬಂದ. “ಕನ್ನಡ ಸಾಲ್ಯಾಗ ಕಲತ್ರ ಇಂಗ್ಲಿಷ್ ಉಚ್ಚಾರ ಕೆಡತೈತ್ರಿ, ಸರ್” ಎಂಬುದು ತಂದೆಯ ತೀರ್ಮಾನವಾಗಿತ್ತು. ಆ ದಿನ ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ದಾಖಲಾ ಬರೆದುಕೊಟ್ಟೆ. ಅಂದು ಹೇಳಬೇಕಾಗಿದ್ದುದನ್ನು ಇಂದು ನಿಮ್ಮೆಲ್ಲರೆದುರು ಹೇಳುತ್ತಿದ್ದೇನೆ.

ಇಂಗ್ಲಿಷ್ ಶಬ್ದಗಳು ಕನ್ನಡಿಗರ ಮನೆಗೆ ಒಂದೇ ದಾರಿಯಿಂದ ಬರಲಿಲ್ಲ. ಬ್ರಿಟಿಷರ ಕಾಲದಲ್ಲಿ ಕನ್ನಡ ನಾಡು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಇಲಾಖೆಯಲ್ಲಿದ್ದವು. ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳು ಮದ್ರಾಸಿನಲ್ಲಿದ್ದವು. ಮೈಸೂರು ಪ್ರತ್ಯೇಕ ಸಂಸ್ಥಾನವಾಗಿತ್ತು. ನಮ್ಮ ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನದ ತಾಲೂಕು. 1949ರಲ್ಲಿ ಸಂಸ್ಥಾನದೊಡನೆ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋದಾಗ ಅದರ ಚಂದಗಡ ತಾಲೂಕು ಮಾತ್ರ ಇತ್ತ ಉಳಿಯಿತು. ಮಿರಜದಿಂದ ಕೊಲ್ಹಾಪುರಕ್ಕೆ ರೇಲ್ವೆ ಬಂದುದು 1891ರಲ್ಲಿ. ಕಚೇರಿಯ ಕಾರಕೂನ, ರೇಲ್ವೆಯ ನೌಕರ, ಶಾಲೆಯ ಮಾಸ್ತರ ಇವರ ಬಾಯಿಂದ ಇಂಗ್ಲಿಷ್ ಶಬ್ದಗಳು ಇಲ್ಲಿಯ ಜನರ ಕಿವಿಗೆ ಬಿದ್ದವು. ಆ ಬಾಯಿ ಬಹುಮಟ್ಟಿಗೆ ಮರಾಠಿಯದು. ಧಾರವಾಡ ಸೀಮೆಯಲ್ಲಿ ಕೂಡ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಸರಕಾರಿ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈಯಾಗಿತ್ತು. ಅಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಲು ದುಡಿದ ಚನ್ನಬಸಪ್ಪನವರ ಹೆಸರಿಗೇ ‘ಡೆಪ್ಯೂಟಿ’ ಎಂಬ ಇಂಗ್ಲಿಷ್ ಶಬ್ದ ಅಂಟಿಕೊಂಡು ಉಳಿದಿದೆ.

ಹೀಗಾಗಿ ಒಂದೇ ಶಬ್ದಕ್ಕೆ ಎರಡು ರೂಪಗಳು ಬಂದವು. ಮೈಸೂರಿನವರು ‘ಹೈಸ್ಕೂಲು’ ಎಂದರೆ ನಾವು ಮರಾಠಿಗರಂತೆ ‘ಹಾಯಸ್ಕೂಲ್’ ಎನ್ನುತ್ತೇವೆ. ಅವರಿಗೆ ‘ರೈಲು’, ನಮಗೆ ‘ರೇಲ್ವೆ’. ಅವರ ಪಂಚಾಂಗದಲ್ಲಿ ‘ಜನವರಿ’, ಮರಾಠಿಯಲ್ಲಿ ‘ಜಾನೇವಾರಿ’, ಎರಡರ ನಡುವೆ ನಿಂತ ನಮ್ಮ ಹಿರಿಯರ ಬಾಯಲ್ಲಿ ‘ಜನೇವರಿ’. ಹೆಸರಿನ ಮೊದಲಕ್ಷರ ಬರೆಯುವಾಗ ಅವರು ‘ವೈ’ ಎಂದು ಬರೆದರೆ ನಾವು ‘ವಾಯ್’ ಎಂದು ಬರೆಯುತ್ತೇವೆ. ಅವರು ‘ವಿ’ ಎಂದಲ್ಲಿ ನಾವು ‘ವ್ಹಿ’. ಅವರು ‘ಹೆಚ್’ ಎಂದಲ್ಲಿ ನಾವು ‘ಎಚ್’. ಇಚಲಕರಂಜಿಯ ಮಗ್ಗಗಳಿಗೆ ನೂಲನ್ನು ಗಂಜಿ ಹಾಕಿ ಸಿದ್ಧಗೊಳಿಸುವ ಕಾರಖಾನೆಯ ಹೆಸರು ಅಲ್ಲಿಯ ಮರಾಠಿ ಫಲಕದಲ್ಲಿ ‘ಸಾಯಝಿಂಗ್’. ಅದನ್ನೇ ಬೆಂಗಳೂರಿನವರು ‘ಸೈಜಿಂಗ್’ ಎಂದು ಬರೆಯುತ್ತಾರೆ. ಕನ್ನಡಿಗ ಕಾರ್ಮಿಕ ತಾನು ದುಡಿಯುವ ಊರಿನ ರೂಪವನ್ನೇ ಮನೆಗೆ ತರುತ್ತಾನೆ. ಇದು ಇಂಗ್ಲಿಷಿಗಷ್ಟೇ ಸೀಮಿತವೂ ಅಲ್ಲ. ಪೋರ್ತುಗೀಜರಿಂದ ಬಂದ ‘ಚಾವಿ’, ‘ಬಟಾಟಿ’ಗಳು ಮರಾಠಿಯ ನೆರೆಯಿಂದ ನಮಗೆ ದಕ್ಕಿದವು, ಮೈಸೂರಿನವರು ಇಂದಿಗೂ ‘ಬೀಗದ ಕೈ’, ‘ಆಲೂಗಡ್ಡೆ’ ಎನ್ನುತ್ತಾರೆ.

ಕನ್ನಡ ಎಂ.ಎ. ಓದುವಾಗ ವಸತಿಗೃಹದಲ್ಲಿ ನಾನು ‘ಹಾಯಸ್ಕೂಲ್’ ಎಂದಾಗ ದಕ್ಷಿಣದಿಂದ ಬಂದ ಸಹಪಾಠಿಗಳು ನಕ್ಕಿದ್ದರು. ನಾನು ನಾಚಿ ‘ಹೈಸ್ಕೂಲು’ ಎನ್ನಲು ಕಲಿತೆ. ಊರಿಗೆ ಮರಳಿ ಶಿಕ್ಷಕನಾದ ಮೇಲೆ ‘ಹಾಯಸ್ಕೂಲ್’ ಎಂದು ಬರೆದ ಮಕ್ಕಳ ಪಾಟಿಯ ಮೇಲೆ ತಪ್ಪೆಂದು ಗೀಟು ಎಳೆದೆ. ನನ್ನನ್ನು ನಗಿಸಿಕೊಂಡ ನಗೆಯನ್ನೇ ನಾನು ಮಕ್ಕಳಿಗೆ ದಾಟಿಸಿದೆನೆಂಬುದು ಬಹಳ ತಡವಾಗಿ ಹೊಳೆಯಿತು. ಮೂಲ ಇಂಗ್ಲಿಷ್ ಸ್ವರವು ‘ಹೈ’ ಕೂಡ ಅಲ್ಲ, ‘ಹಾಯ್’ ಕೂಡ ಅಲ್ಲ. ಎರಡೂ ಅದಕ್ಕೆ ಹತ್ತಿರದ ನಮ್ಮ ನಮ್ಮ ಅಂದಾಜುಗಳು. ಮರಾಠಿಯ ಐಕಾರ ‘ಅಇ’ ಎಂಬಂತೆ ಕೇಳಿಸುವುದರಿಂದ ಅವರಿಗೆ ‘ಆಯ್’ ಹೆಚ್ಚು ಹತ್ತಿರವೆನಿಸಿತು. ಅಷ್ಟೇ ವಿಷಯ.

ಪ್ರತಿಯೊಂದು ಭಾಷೆಯೂ ತನ್ನಲ್ಲಿರುವ ಧ್ವನಿಗಳ ಜರಡಿಯಲ್ಲಿ ಪರಭಾಷೆಯ ಶಬ್ದವನ್ನು ಸೋಸುತ್ತದೆ. ಚೆಂಡಿನ ಇಂಗ್ಲಿಷ್ ಹೆಸರಿನಲ್ಲಿರುವ, ಆ ಮತ್ತು ಓ ಇವುಗಳ ನಡುವಿನ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಆದ್ದರಿಂದ ನಾವು ‘ಬಾಲ್’, ‘ಹಾಲ್’, ‘ಕಾಲೇಜು’ ಎಂದು ಬರೆಯುತ್ತೇವೆ. ಸಭಾಗೃಹಕ್ಕೂ ಕುಡಿಯುವ ಹಾಲಿಗೂ ಬರವಣಿಗೆಯಲ್ಲಿ ಹೆಚ್ಚು ಅಂತರ ಉಳಿಯುವುದಿಲ್ಲ. ಮರಾಠಿಯವರು ಇಂಥ ಇಂಗ್ಲಿಷ್ ಸ್ವರಗಳಿಗಾಗಿ ಅಕ್ಷರದ ತಲೆಯ ಮೇಲೆ ಅರ್ಧಚಂದ್ರದ ಗುರುತು ಇಡುತ್ತಾರೆ. 2009ರಲ್ಲಿ ಮಹಾರಾಷ್ಟ್ರ ಸರಕಾರ ಲಿಪಿಯ ಕುರಿತು ಹೊರಡಿಸಿದ ಆದೇಶದಲ್ಲಿ ಈ ಎರಡು ಸ್ವರಗಳಿಗೆ ವರ್ಣಮಾಲೆಯಲ್ಲಿಯೇ ಸ್ಥಾನ ದೊರೆಯಿತು. ಮೈದಾನದಲ್ಲಿ ನಕ್ಕ ಹುಡುಗರಿಗೆ ಆ ಧ್ವನಿ ತಮ್ಮ ಅಕ್ಷರಮಾಲೆಯಿಂದಲೇ ಬಂದಿತ್ತು. ನಮ್ಮ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಇದರ ಇನ್ನೊಂದು ಬದಿಯನ್ನೂ ನೋಡಬೇಕು. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹ್ರಸ್ವ ಎ, ಒಗಳನ್ನು ದೇಶೀಯ ಅಕ್ಷರಗಳಲ್ಲಿ ಎಣಿಸಿದ್ದಾನೆ. ಸಂಸ್ಕೃತದಲ್ಲಿ ಅವು ಇಲ್ಲ. ಮರಾಠಿ ಲಿಪಿಯಲ್ಲಿಯೂ ಈ ಹ್ರಸ್ವ-ದೀರ್ಘ ಭೇದವಿಲ್ಲ. ಪರೀಕ್ಷೆಗೆ ಹೇಳುವ ‘ಟೆಸ್ಟ್’ ಮತ್ತು ರುಚಿಗೆ ಹೇಳುವ ‘ಟೇಸ್ಟ್’ ಎರಡನ್ನೂ ಮರಾಠಿಯಲ್ಲಿ ಒಂದೇ ರೀತಿ ಬರೆಯಬೇಕಾಗುತ್ತದೆ. ಮೆಣಸಿನ ‘ಪೆಪ್ಪರ್’ ಮತ್ತು ಓದುವ ‘ಪೇಪರ್’, ಒದ್ದೆಯ ‘ವೆಟ್’ ಮತ್ತು ಕಾಯುವ ‘ವೇಟ್’ ಇವುಗಳ ಸ್ವರಭೇದ ಕನ್ನಡ ಕಲಿತ ಮಗುವಿಗೆ ಒಂದನೆಯ ಇಯತ್ತೆಯಲ್ಲಿಯೇ, ಎರಡು ಕಾಗುಣಿತಗಳ ರೂಪದಲ್ಲಿ, ಕೈಗೆ ಸಿಗುತ್ತದೆ. ಇನ್ನು ‘ಬ್ಯಾಟ್’ ಎಂಬುದರಲ್ಲಿರುವ ಸ್ವರ. ನಮ್ಮ ತಾಯಂದಿರು ‘ಬ್ಯಾಡ’, ‘ಬ್ಯಾರೆ’, ‘ಹ್ಯಾಂಗ’ ಎನ್ನುವಾಗ ಅದು ಮನೆಯಲ್ಲಿ ದಿನವೂ ಕೇಳಿಸುತ್ತದೆ. ಗ್ರಾಮ್ಯವೆಂದು ನಾವು ಹೀಗಳೆಯುವ ಆ ಮಾತೇ ಇಂಗ್ಲಿಷಿನ ಒಂದು ಸ್ವರವನ್ನು ಮಗುವಿಗೆ ಮೊದಲೇ ಕಲಿಸಿರುತ್ತದೆ.

ಊರ ಹೆಸರುಗಳಲ್ಲಿಯೇ ಇದನ್ನು ಪರೀಕ್ಷಿಸಬಹುದು. ಕನ್ನಡಿಗರು ‘ಕೊಲ್ಹಾಪುರ’ ಎಂದು ಹ್ರಸ್ವ ಒಕಾರದಿಂದಲೂ ‘ಬೆಳಗಾವಿ’ ಎಂದು ಹ್ರಸ್ವ ಎಕಾರದಿಂದಲೂ ಹೇಳುತ್ತೇವೆ; ಆ ಹ್ರಸ್ವವನ್ನು ಮರಾಠಿ ಲಿಪಿಯೂ ಇಂಗ್ಲಿಷ್ ಲಿಪಿಯೂ ತೋರಿಸಲಾರವು. ಗಡಹಿಂಗ್ಲಜದ ಪಾಡು ಇನ್ನೂ ಸ್ವಾರಸ್ಯದ್ದು. ‘ಗಡ’ದ ಕೊನೆಯ ಅಕ್ಷರ ಮತ್ತು ‘ಹಿಂಗ್ಲಜ’ದ ಮೊದಲ ಅಕ್ಷರ ಇಂಗ್ಲಿಷಿನಲ್ಲಿ ಡಿ ಮತ್ತು ಎಚ್ ಎಂದು ಅಕ್ಕಪಕ್ಕ ಕುಳಿತು ಪರಊರಿನವರಿಂದ ‘ಗಧಿಂಗ್ಲಜ್’ ಎಂದು ಓದಿಸಿಕೊಳ್ಳುತ್ತವೆ. ಇಂಗ್ಲಿಷ್ ಬರಹವನ್ನು ನೋಡಿ ಉಚ್ಚಾರ ತಿಳಿಯಲು ಹೊರಟರೆ ನಮ್ಮ ಊರ ಹೆಸರೂ ನಮಗೆ ಸರಿಯಾಗಿ ಸಿಗದು.

ನಮ್ಮಂತೆಯೇ 1956ರಲ್ಲಿ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಮಕ್ಕಳನ್ನು ನೆನೆಯಿರಿ. ಅವರ ನೆರೆಯ ಭಾಷೆ ಮಲಯಾಳ. ಅಲ್ಲಿ ‘ಕೋಳೇಜ್’ ಎಂದು ಳಕಾರದಿಂದ ಬರೆಯುತ್ತಾರೆ, ‘ಬಾಂಕ್’ ಎನ್ನುತ್ತಾರೆ. ಕಾಸರಗೋಡಿನ ಮಗುವಿನ ‘ಬ್ಯಾಂಕ್’ ಅಲ್ಲಿ ಬೇರೆಯಾಗಿ ಕೇಳಿಸಿದರೆ, ನಮ್ಮ ಮಗುವಿನ ‘ಕಾಲೇಜು’ ಇಲ್ಲಿ ಬೇರೆಯಾಗಿ ಕೇಳಿಸುತ್ತದೆ. ಮಕ್ಕಳ ಕನ್ನಡ ಒಂದೇ. ಅದರ ಮೇಲೆ ತೀರ್ಪು ಕೊಡುವ ನೆರೆಮನೆ ಮಾತ್ರ ಬೇರೆ. ಬಹುಸಂಖ್ಯಾತರ ಉಚ್ಚಾರವೇ ‘ಶುದ್ಧ ಇಂಗ್ಲಿಷ್’ ಎಂದು ಕೇಳಿಸುವುದಕ್ಕೆ ಅವರ ಸಂಖ್ಯೆಯೇ ಮುಖ್ಯ ಕಾರಣ.

ಹಾಗಾದರೆ ಇಂಗ್ಲಿಷರ ನಾಡಿನಲ್ಲಿ ಒಂದೇ ಉಚ್ಚಾರವಿದೆಯೇ? ಅಲ್ಲಿಯೂ ಇಲ್ಲ. ಸ್ನಾನಕ್ಕೆ ಹೇಳುವ ಶಬ್ದದಲ್ಲಿ ದಕ್ಷಿಣ ಇಂಗ್ಲೆಂಡಿನವರು ದೀರ್ಘ ಆಕಾರ ಹಿಡಿದರೆ ಉತ್ತರದವರು ಹ್ರಸ್ವ ಸ್ವರವನ್ನೇ ಉಳಿಸಿಕೊಂಡಿದ್ದಾರೆ. ‘ಕಾರ್’ ಎನ್ನುವಾಗ ಲಂಡನ್ನಿನವರು ಕೊನೆಯ ರಕಾರವನ್ನು ನುಂಗುತ್ತಾರೆ. ಸ್ಕಾಟ್ಲೆಂಡಿನವರೂ ಬಹುಪಾಲು ಅಮೆರಿಕನ್ನರೂ ನಮ್ಮಂತೆ ಅದನ್ನು ಉಚ್ಚರಿಸುತ್ತಾರೆ. ಅಕ್ಷರಮಾಲೆಯ ಎಂಟನೆಯ ಅಕ್ಷರವನ್ನು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ‘ಏಚ್’ ಎಂದರೆ ಐರ್ಲೆಂಡಿನಲ್ಲಿ ‘ಹೇಚ್’ ಎನ್ನುವ ರೂಢಿ ಇದೆ. ಉತ್ತರ ಐರ್ಲೆಂಡಿನಲ್ಲಿ ಆ ಒಂದು ಹಕಾರದಿಂದ ಮನುಷ್ಯನ ಪಂಥವನ್ನೇ ಊಹಿಸುತ್ತಿದ್ದರು. ಲಂಡನ್ನಿನ ಬಿ.ಬಿ.ಸಿ. ಆಕಾಶವಾಣಿಯು ಶಬ್ದಗಳನ್ನು ಹೇಗೆ ಹೇಳಬೇಕೆಂದು ನಿರ್ಣಯಿಸಲು 1926ರಲ್ಲಿ ಒಂದು ಸಮಿತಿಯನ್ನೇ ರಚಿಸಬೇಕಾಯಿತು. ಇನ್ನು ಜಪಾನೀಯರು ಬಸ್ಸಿಗೆ ‘ಬಸು’ ಎನ್ನುತ್ತಾರೆ. ವ್ಯಂಜನದಿಂದ ಮುಗಿಯುವ ಶಬ್ದಕ್ಕೆ ಉಕಾರ ಸೇರಿಸಿ ನಾವು ‘ಬಸ್ಸು’ ಎಂದುದಕ್ಕೂ ಅವರು ‘ಬಸು’ ಎಂದುದಕ್ಕೂ ಕಾರಣ ಒಂದೇ: ಸ್ವರಾಂತ ಶಬ್ದಗಳ ಮೇಲಿನ ಒಲವು.

ಹೀಗೆಂದು ಉಚ್ಚಾರದ ಬಗ್ಗೆ ಉದಾಸೀನರಾಗಿರಿ ಎಂದು ನಾನು ಹೇಳುತ್ತಿಲ್ಲ. ಅರ್ಥ ಬದಲಾಗುವ ಕಡೆ ಭೇದವನ್ನು ಕಲಿಸಲೇಬೇಕು. ಆ ಹುಡುಗನಿಗೆ, “ಆ ಎನ್ನುತ್ತ ತುಟಿಗಳನ್ನು ತುಸು ದುಂಡಗೆ ಮಾಡು” ಎಂದು ನಾನು ಹೇಳಿಕೊಟ್ಟಿದ್ದರೆ ಒಂದು ವಾರದ ಅಭ್ಯಾಸ ಸಾಕಾಗುತ್ತಿತ್ತು. ಮರಾಠಿಯ ಝಕಾರವನ್ನು ಚೆನ್ನಾಗಿ ಬಲ್ಲ ನಮ್ಮ ಮಕ್ಕಳಿಗೆ ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರದ ಧ್ವನಿ ಕಷ್ಟವೇ ಅಲ್ಲ. ಮರಾಠಿಯಿಂದ ಅರ್ಧಚಂದ್ರದ ಸ್ವರ ಮತ್ತು ಝಕಾರ, ಕನ್ನಡದಿಂದ ಎ-ಏ, ಒ-ಓ ಭೇದ, ಮನೆಮಾತಿನಿಂದ ‘ಬ್ಯಾಡ’ದ ಸ್ವರ: ಇಷ್ಟನ್ನು ಒಟ್ಟುಗೂಡಿಸಿದರೆ ಗಡಿಭಾಗದ ಕನ್ನಡ ಮಗುವಿನ ಬಳಿ ಇಂಗ್ಲಿಷಿಗೆ ಬೇಕಾದ ಸಾಮಗ್ರಿ ಒಂದೇ ಭಾಷೆ ಬಲ್ಲವನಿಗಿಂತ ಹೆಚ್ಚಾಗಿಯೇ ಇದೆ. ಕನ್ನಡ ಶಾಲೆಯಿಂದ ಬಿಡಿಸಿದರೆ ಅದರಲ್ಲಿ ಒಂದು ಪಾಲನ್ನು ನಾವೇ ಕಳೆದಂತೆ. ಕಾಗುಣಿತ ಕಲಿಯದ ಮಗುವಿಗೆ ಆ ಹ್ರಸ್ವ-ದೀರ್ಘಗಳು ಕಣ್ಣಿಗೆ ಕಾಣುವುದೇ ಇಲ್ಲ.

ಸಂವಿಧಾನದ 350ಎ ವಿಧಿಯು 1956ರ ಏಳನೆಯ ತಿದ್ದುಪಡಿಯಿಂದ ಸೇರಿತು; ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣಕ್ಕೆ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಮಾಡುತ್ತದೆ. 2000ದಿಂದ ಮಹಾರಾಷ್ಟ್ರದಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. ಆದುದರಿಂದ ಕನ್ನಡ ಶಾಲೆಗೆ ಕಳಿಸುವುದೆಂದರೆ ಇಂಗ್ಲಿಷನ್ನು ಬಿಟ್ಟುಕೊಡುವುದೆಂದು ಭಾವಿಸಬೇಕಾಗಿಲ್ಲ. ನಿಮ್ಮ ಶಾಲೆಯ ಇಂಗ್ಲಿಷ್ ಶಿಕ್ಷಕರನ್ನು ಕಂಡು, ಈ ನಾಲ್ಕಾರು ಧ್ವನಿಭೇದಗಳನ್ನು ಬಾಯಿಪಾಠವಾಗಿ ಮಾಡಿಸಿರೆಂದು ಕೇಳಿರಿ. ಅದು ನಿಮ್ಮ ಹಕ್ಕು. ಮಗು ‘ಬಾಲ್’ ಎಂದಾಗ ಮನೆಯಲ್ಲಿ ನಗಬೇಡಿರಿ, ತಿದ್ದಿರಿ.

ಈ ಜೂನಿನಲ್ಲಿ ದಾಖಲಾ ಕೇಳಲು ಶಾಲೆಗೆ ಹೊರಡುವ ಮುನ್ನ ಇದನ್ನೊಮ್ಮೆ ಓದಿರೆಂದು ವಿನಂತಿ. ನಾನು ಬರೆದುಕೊಟ್ಟ ಆ ಒಂದು ದಾಖಲೆಯನ್ನು ಮರಳಿ ಪಡೆಯಲಾರೆ. ನಿಮ್ಮ ಮಕ್ಕಳದನ್ನು ಇನ್ನೂ ಯಾರೂ ಬರೆದಿಲ್ಲ.