ಕಾಡು ಮುಚ್ಚಿದ ಮೇಲೆ: ಚೀನಾ ಮತ್ತು ಭಾರತದ ಗಟ್ಟಿಮರದ ಆಮದು

ಮರದ ವ್ಯಾಪಾರದಲ್ಲಿ ಗಟ್ಟಿಮರವೆಂದರೆ ತೇಗ, ಬೀಟೆ, ಓಕ್, ರಬ್ಬರ್ ಮೊದಲಾದ ಅಗಲ ಎಲೆಯ ಮರಗಳ ನಾಟಾ. ಪೈನ್, ದೇವದಾರುಗಳಂತಹ ಸೂಜಿ ಎಲೆಯ ಮರಗಳದ್ದು ಮೃದುಮರ. ಈ ಗಟ್ಟಿಮರಕ್ಕಾಗಿ ಚೀನಾ ಮತ್ತು ಭಾರತ ಹೊರದೇಶಗಳನ್ನು ಹೆಚ್ಚು ಹೆಚ್ಚಾಗಿ ಅವಲಂಬಿಸತೊಡಗಿದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ತಮ್ಮ ಕಾಡುಗಳಲ್ಲಿ ಕೊಡಲಿಯನ್ನು ತಡೆದ ಮೇಲೆ.

ಚೀನಾದಲ್ಲಿ 1998ರ ಯಾಂಗ್‌ತ್ಸೆ ಪ್ರವಾಹ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ, ನದಿಯ ಮೇಲ್ದಂಡೆಯ ಕಾಡು ಬರಿದಾದದ್ದೂ ಅದಕ್ಕೊಂದು ಕಾರಣವೆಂದು ಸರ್ಕಾರ ಒಪ್ಪಿಕೊಂಡು, ಅಲ್ಲಿನ ನೈಸರ್ಗಿಕ ಅರಣ್ಯಗಳಲ್ಲಿ ಮರ ಕಡಿಯುವುದನ್ನು ನಿಲ್ಲಿಸಿತು; ಮರುವರ್ಷ ದಿಮ್ಮಿ ಮತ್ತು ಹಲಗೆಗಳ ಮೇಲಿನ ಆಮದು ಸುಂಕವನ್ನೂ ತೆಗೆದುಹಾಕಿತು. ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಗೆಬಾನ್ ದೇಶಗಳ ದಿಮ್ಮಿಗಳು ಚೀನೀ ಬಂದರುಗಳಿಗೆ ಹರಿದುಬಂದವು. ಗೆಬಾನ್ 2010ರಲ್ಲಿ ದಿಮ್ಮಿಗಳ ರಫ್ತನ್ನು ನಿಷೇಧಿಸಿದಂತೆ ಹಲವು ದೇಶಗಳು ತಮ್ಮಲ್ಲೇ ಕುಯ್ದ ಮರವನ್ನಷ್ಟೇ ಮಾರಲು ಮುಂದಾದಾಗ ಚೀನಾ ಹಲಗೆಯತ್ತ ವಾಲಿತು; ಥಾಯ್ಲೆಂಡಿನ ರಬ್ಬರ್ ಮರಕ್ಕೂ ಅಮೆರಿಕದ ಓಕಿಗೂ ಅದೇ ಅತಿದೊಡ್ಡ ಗಿರಾಕಿಯಾಯಿತು. ಹೀಗೆ ಬಂದುದರಲ್ಲಿ ಒಂದು ಪಾಲು ಪೀಠೋಪಕರಣವಾಗಿ ಮತ್ತೆ ಹಡಗೇರಿ ಹೋದುದರಿಂದ, ಚೀನಾದ ಆಮದಿನ ಹೊಣೆಯಲ್ಲಿ ಅಮೆರಿಕ ಮತ್ತು ಯುರೋಪಿನ ಕೊಳ್ಳುಗರಿಗೂ ಪಾಲಿದೆ. ಆದರೆ ಹೊಂಗ್ಮು ಎನ್ನುವ ಕೆಂಪು ಮರದ ಸಾಂಪ್ರದಾಯಿಕ ಪೀಠೋಪಕರಣಗಳ ವ್ಯಾಮೋಹ ಚೀನಾದ್ದೇ. 2000ದಲ್ಲಿ ಆ ಹೆಸರಿಗೆ ಅರ್ಹವೆಂದು ಗುರುತಿಸಲಾದ 33 ಜಾತಿಗಳಲ್ಲಿ ಪಶ್ಚಿಮ ಘಟ್ಟದ ಬೀಟೆಯೂ ಆಂಧ್ರದ ರಕ್ತಚಂದನವೂ ಸೇರಿದ್ದು, ರಕ್ತಚಂದನದ ಕಳ್ಳಸಾಗಣೆ ಶೇಷಾಚಲದ ಕಾಡನ್ನು ಇಂದಿಗೂ ಬಾಧಿಸುತ್ತಿದೆ.

ಭಾರತಕ್ಕೆ ಬರ್ಮಾದ ತೇಗ ಹೊಸದಲ್ಲ. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದುದರಿಂದ ಅಲ್ಲಿಂದ ಮುಂಬಯಿ, ಮದರಾಸಿಗೆ ಬಂದ ತೇಗ ಪರದೇಶದ ಸರಕೇ ಆಗಿರಲಿಲ್ಲ. ನಿಜವಾದ ತಿರುವು ಬಂದದ್ದು 1996ರ ಡಿಸೆಂಬರ್ 12ರಂದು, ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅನುಮೋದಿತ ಕಾರ್ಯಯೋಜನೆಯಿಲ್ಲದೆ ಯಾವ ಅರಣ್ಯದಲ್ಲೂ ಮರ ಕಡಿಯಬಾರದೆಂದು ಆದೇಶಿಸಿದಾಗ. ಮಲೇಷ್ಯಾದ ಸರವಾಕ್ ಮತ್ತು ಮ್ಯಾನ್ಮಾರಿನ ದಿಮ್ಮಿಗಳು ಕಾಂಡ್ಲಾದಲ್ಲಿ, ನಮ್ಮ ನವ ಮಂಗಳೂರು ಬಂದರಿನಲ್ಲಿ ಇಳಿದವು. ಕಾಂಡ್ಲಾದ ಪಕ್ಕದ ಗಾಂಧಿಧಾಮ ಸಾಮಿಲ್ಲುಗಳ ಊರಾಯಿತು. ಚೀನಾ ಹಲಗೆಗೆ ಹೊರಳಿದರೂ ಭಾರತ ದಿಮ್ಮಿಯನ್ನು ಬಿಡಲಿಲ್ಲ. ಹಲಗೆಗಿಂತ ದಿಮ್ಮಿಯ ಮೇಲೆ ಸುಂಕ ಕಡಿಮೆಯಿತ್ತು, ಸಾಮಿಲ್ಲುಗಳು ನಡೆಯಬೇಕಿತ್ತು, ಬಾಗಿಲವಾಡಕ್ಕೆ ಬೇಕಾದ ಅಳತೆಯನ್ನು ಇಲ್ಲೇ ಕೊಯ್ಸಿಕೊಳ್ಳುವ ಅನುಕೂಲವೂ ಇತ್ತು. ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತು ನಿಲ್ಲಿಸಿದಾಗಲೂ ಭಾರತದ ವರ್ತಕರು ಘಾನಾ, ಪನಾಮಾ, ಈಕ್ವೆಡಾರ್‌ಗಳ ನೆಡುತೋಪಿನ ತೇಗದ ಸಣ್ಣ ದಿಮ್ಮಿಗಳನ್ನು ಕಂಟೇನರುಗಳಲ್ಲಿ ತರಿಸಿಕೊಂಡರು.

ಎರಡೂ ದೇಶಗಳು ತಮ್ಮ ಕಾಡು ಹೆಚ್ಚಿದೆಯೆಂದು ವರದಿ ಮಾಡುತ್ತವೆ, ಮತ್ತು ಸ್ವಂತ ಕಾಡಿನ ರಕ್ಷಣೆ ನಿಶ್ಚಯವಾಗಿಯೂ ಸರಿಯಾದ ನಡೆ. ಆದರೆ ಅದರ ಬೆಲೆಯ ಒಂದು ಭಾಗವನ್ನು ಸರವಾಕ್, ಮ್ಯಾನ್ಮಾರ್ ಮತ್ತು ಸಾಲೊಮನ್ ದ್ವೀಪಗಳ ಕಾಡುಗಳು ತೆತ್ತಿರುವುದರಿಂದ, ಹೊರಗಿನಿಂದ ತಂದ ಮರದ ಲೆಕ್ಕವನ್ನು ಪಕ್ಕದಲ್ಲಿಡದ ಯಾವ ಅರಣ್ಯ ವರದಿಯೂ ಪೂರ್ಣವಲ್ಲ.