ಬೆಚ್ಚನೆಯ ಊರನ್ನರಸಿ: ಪ್ಯಾಸಡೀನಾ ಪಟ್ಟಣದ ಪೂರ್ವೋತ್ತರ

ಮನುಷ್ಯನು ಹುಟ್ಟಿದೂರನ್ನು ಬಿಟ್ಟು ಹೆಂಡಿರು ಮಕ್ಕಳೊಡನೆ ಪರಸ್ಥಳಕ್ಕೆ ಹೊರಡುವುದಕ್ಕೆ ಕಾರಣಗಳು ಹಲವು. ಕ್ಷಾಮ, ಯುದ್ಧ, ಸಾಂಕ್ರಾಮಿಕ ರೋಗ, ದೊರೆಗಳ ಕಾಟ, ಮತದ್ವೇಷ ಇವುಗಳಿಗೆ ಅಂಜಿ ಊರು ಬಿಟ್ಟವರ ವೃತ್ತಾಂತವು ಎಲ್ಲ ದೇಶಗಳ ಚರಿತ್ರೆಯಲ್ಲಿಯೂ ದೊರೆಯುವುದು. ಆದರೆ ಅನ್ನವಸ್ತ್ರಗಳಿಗೆ ಕೊರತೆಯಿಲ್ಲದ, ಮನೆಮಾರುಗಳುಳ್ಳ ಗೃಹಸ್ಥರು ಚಳಿಗೆ ಬೇಸತ್ತು, ಬಿಸಿಲು ಚೆನ್ನಾಗಿ ಬೀಳುವ ಸ್ಥಳವೊಂದನ್ನು ಹುಡುಕಿಸಿ, ಅಲ್ಲಿಗೆ ಸಂಸಾರವನ್ನು ಸಾಗಿಸಿದರೆಂದರೆ, ಬೇಸಗೆ ಬಂದೊಡನೆ ನೆರಳನ್ನೂ ತಂಪನ್ನೂ ಅರಸುವ ನಮ್ಮ ನಾಡಿನವರಿಗೆ ಅದು ವಿಚಿತ್ರವಾಗಿ ತೋರಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಿಂದ ಇಂಥ ವಲಸೆಯು ಒಂದು ಪ್ರವಾಹದಂತೆ ನಡೆಯಿತು. ಆ ಪ್ರವಾಹದಿಂದ ಬೆಳೆದ ಊರುಗಳಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದ ಪ್ಯಾಸಡೀನಾ ಎಂಬುದೊಂದು. ಅಲ್ಲಿಗೆ ಬಂದ ಸಂಸಾರಗಳಿಗೆ ದೊರೆತುದೇನು, ದೊರೆಯದೆ ಹೋದುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸ್ಥಳದ ಪೂರ್ವವೃತ್ತ

ಪ್ಯಾಸಡೀನಾ ಪಟ್ಟಣವು ಲಾಸ್ ಏಂಜಲೀಸ್ ನಗರದ ಈಶಾನ್ಯಕ್ಕೆ ಸುಮಾರು ಹತ್ತು ಮೈಲಿ ದೂರದಲ್ಲಿ, ಸ್ಯಾನ್ ಗೇಬ್ರಿಯಲ್ ಪರ್ವತಗಳ ತಪ್ಪಲಲ್ಲಿದೆ. ಉತ್ತರದಲ್ಲಿ ಗೋಡೆಯಂತೆ ನಿಂತ ಬೆಟ್ಟಗಳು. ಪಶ್ಚಿಮದಲ್ಲಿ ಅರೋಯೊ ಸೆಕೊ ಎಂಬ ಹಳ್ಳ. ಈ ಹೆಸರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಒಣಹಳ್ಳವೆಂದು ಅರ್ಥ. ಮಳೆಯು ಚಳಿಗಾಲದಲ್ಲಿ ಮಾತ್ರ ಬರುವುದು. ಬೇಸಗೆಯ ತಿಂಗಳುಗಳೆಲ್ಲ ಒಣಗಿ ಹೋಗುವುವು. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇವುಗಳನ್ನವಲಂಬಿಸಿದೆ.

ಈ ನೆಲದ ಮೂಲನಿವಾಸಿಗಳು ತೋಂಗ್ವಾ ಜನರು. 1771ರಲ್ಲಿ ಸ್ಪೇನಿನ ಪಾದ್ರಿಗಳು ಸ್ಯಾನ್ ಗೇಬ್ರಿಯಲ್ ಮಠವನ್ನು ಸ್ಥಾಪಿಸಿದ ಬಳಿಕ, ಆ ಜನರು ಮಠದ ಹೊಲಗಳಲ್ಲಿ ದುಡಿಯುವವರಾದರು. ಹೊಸ ರೋಗಗಳಿಗೆ ತುತ್ತಾಗಿ ಬಹುಮಟ್ಟಿಗೆ ನಶಿಸಿದರು. ಮೆಕ್ಸಿಕೋ ಸರಕಾರವು ಮಠದ ಭೂಮಿಗಳನ್ನು ಬಿಡಿಸಿದ ಮೇಲೆ, ಸ್ಯಾನ್ ಪಾಸ್ಕ್ವಾಲ್ ಎಂಬ ಈ ದನಗಾವಲಿನ ಜಹಗೀರು 1843ರಲ್ಲಿ ಮಾನ್ವೆಲ್ ಗಾರ್ಫಿಯಾಸ್ ಎಂಬ ಸೇನಾಧಿಕಾರಿಗೆ ಸೇರಿತು. ಅಮೆರಿಕದವರ ಆಳಿಕೆ ಬಂದ ತರುವಾಯ ಆತನು ಸಾಲದ ಬಡ್ಡಿಯನ್ನು ತೀರಿಸಲಾರದೆ ಅದನ್ನು ಕಳೆದುಕೊಂಡನು. ಭೂಮಿಯು ಬೆಂಜಮಿನ್ ವಿಲ್ಸನ್, ಡಾಕ್ಟರ್ ಜಾನ್ ಗ್ರಿಫಿನ್ ಎಂಬಿಬ್ಬರ ಕೈ ಸೇರಿತು. ಹೀಗೆ, ಯಾರೂ ಇಲ್ಲದ ನೆಲವೆಂದು ಹೊಸಬರು ಭಾವಿಸಿದ ಈ ಬಯಲು, ಅವರು ಬರುವುದಕ್ಕೆ ಮೊದಲೇ ಹಲವರ ಕೈ ದಾಟಿತ್ತು.

ಇಂಡಿಯಾನದ ಮಂಡಲಿ

1872-73ರ ಚಳಿಗಾಲವು ಮಧ್ಯ ಅಮೆರಿಕದ ಇಂಡಿಯಾನ ಸಂಸ್ಥಾನದಲ್ಲಿ ಅತಿ ಕ್ರೂರವಾಗಿತ್ತು. ಇಂಡಿಯಾನಾಪೊಲಿಸ್ ನಗರದ ಡಾಕ್ಟರ್ ಥಾಮಸ್ ಎಲಿಯಟ್ ಎಂಬವರ ಮನೆಯಲ್ಲಿ ಕೆಲವು ಗೃಹಸ್ಥರು ಸೇರಿ, ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಭೂಮಿಯನ್ನು ಕೊಂಡು ಎಲ್ಲರೂ ಒಟ್ಟಾಗಿ ನೆಲಸಬೇಕೆಂದು ನಿಶ್ಚಯಿಸಿದರು. ಎಲಿಯಟ್ಟರ ಪತ್ನಿಯ ಸಹೋದರರಾದ ಡೇನಿಯಲ್ ಬೆರಿಯವರು ಸ್ಥಳವನ್ನು ಪರೀಕ್ಷಿಸಲು 1873ರಲ್ಲಿ ಹೊರಟರು. ಸ್ಯಾನ್ ಡಿಯಾಗೊ, ಆನಹೈಮ್, ಸ್ಯಾನ್ ಬರ್ನಾರ್ಡಿನೊ ಮೊದಲಾದ ಕಡೆಗಳನ್ನು ನೋಡಿ, ಕೊನೆಗೆ ಅವರು ಬೆಟ್ಟದ ತಪ್ಪಲಲ್ಲಿ ಬೆಂಜಮಿನ್ ಈಟನ್ ಎಂಬವರ ತೋಟದ ಮನೆಯಲ್ಲಿ ಇಳಿದುಕೊಂಡರು. ಉಬ್ಬಸದಿಂದ ನರಳುತ್ತಿದ್ದ ಬೆರಿಯವರು ಆ ರಾತ್ರಿ ಸುಖವಾಗಿ ನಿದ್ರೆ ಮಾಡಿದರೆಂದೂ, ಬೆಳಗಾದಾಗ ಸ್ಥಳವು ಮನಸ್ಸಿನಲ್ಲಿ ಗೊತ್ತಾಗಿತ್ತೆಂದೂ ಹೇಳುವುದುಂಟು.

ಅಷ್ಟರಲ್ಲಿ ಅನಿರೀಕ್ಷಿತವಾದ ವಿಪತ್ತು ಬಂದಿತು. 1873ರ ಸೆಪ್ಟೆಂಬರಿನಲ್ಲಿ ಜೇ ಕುಕ್ ಎಂಬವರ ದೊಡ್ಡ ಬ್ಯಾಂಕು ದಿವಾಳಿಯೆದ್ದು ದೇಶದಲ್ಲೆಲ್ಲ ಹಣದ ಮುಗ್ಗಟ್ಟು ಹಬ್ಬಿತು. ಇಂಡಿಯಾನದಲ್ಲಿ ಹಣ ಕೊಡುವೆವೆಂದು ಒಪ್ಪಿದ್ದವರಲ್ಲಿ ಅನೇಕರು ಹಿಂಜರಿದರು. ಬೆರಿಯವರು ಧೈರ್ಯಗುಂದಲಿಲ್ಲ. ಲಾಸ್ ಏಂಜಲೀಸಿನಲ್ಲಿಯೇ ಬೇರೆ ಪಾಲುದಾರರನ್ನು ಕೂಡಿಸಿಕೊಂಡು, ಅದೇ ನವೆಂಬರಿನಲ್ಲಿ ಸ್ಯಾನ್ ಗೇಬ್ರಿಯಲ್ ಕಿತ್ತಳೆ ತೋಟದ ಸಂಘವೆಂಬುದನ್ನು ಸ್ಥಾಪಿಸಿದರು. ಪಾಲು ಒಂದಕ್ಕೆ 250 ಡಾಲರುಗಳಂತೆ ನೂರು ಪಾಲುಗಳು. ಒಟ್ಟು 25,000 ಡಾಲರುಗಳು. ಈ ಹಣಕ್ಕೆ ಸುಮಾರು 4,000 ಎಕರೆ ಭೂಮಿ ದೊರೆಯಿತು.

1874ನೆಯ ಇಸವಿ ಜನವರಿ 27ರಂದು ಪಾಲುದಾರರೆಲ್ಲರೂ ಬಯಲಿನಲ್ಲಿ ಬುತ್ತಿಯೂಟಕ್ಕೆ ಸೇರಿದರು. ಅಂದು ಭೂಮಿಯ ಹಂಚಿಕೆ. ಒಂದು ಪಾಲಿಗೆ 15 ಎಕರೆ. ನೀರಿಗೆ ಹತ್ತಿರವಾದ ಒಳ್ಳೆಯ ನೆಲಕ್ಕಾಗಿ ಜಗಳವಾಗುವುದೆಂದು ಹಲವರು ಶಂಕಿಸಿದ್ದರು. ಆದರೆ ಒಂದೇ ಪಾಲುಳ್ಳ ಬಡವರು ಮೊದಲು ಆರಿಸಿಕೊಳ್ಳಲಿ, ಹೆಚ್ಚು ಪಾಲುಳ್ಳವರು ಅನಂತರ ಆರಿಸಿಕೊಳ್ಳಲಿ ಎಂಬ ಸೂಚನೆಯನ್ನು ಎಲ್ಲರೂ ಒಪ್ಪಿದರು. ಸ್ವಲ್ಪ ಹೊತ್ತಿನಲ್ಲಿಯೇ ಹಂಚಿಕೆಯು ಒಂದು ಕಟುಮಾತೂ ಇಲ್ಲದೆ ಮುಗಿಯಿತು. ಊರೊಂದು ಹುಟ್ಟುವುದಕ್ಕೆ ಇದಕ್ಕಿಂತ ಶುಭವಾದ ಮುಹೂರ್ತವು ಬೇಕೆ? ಈ ನ್ಯಾಯಬುದ್ಧಿಯು ಮುಂದೆಯೂ, ಎಲ್ಲರ ವಿಷಯದಲ್ಲಿಯೂ ಉಳಿಯಿತೆ ಎಂಬುದನ್ನು ಮುಂದೆ ನೋಡುವೆವು.

ಊರಿನ ಹೆಸರಿನ ಕಥೆಯೂ ಸ್ವಾರಸ್ಯವಾದುದು. ಎಲಿಯಟ್ಟರು ಉತ್ತರದ ಮಿನೆಸೋಟದ ಕಡೆಯ ಚಿಪ್ಪೆವಾ ಜನರ ನಡುವೆ ಕೆಲಸ ಮಾಡಿದ ಒಬ್ಬ ಪಾದ್ರಿಗೆ ಬರೆದು ಕೇಳಿ, ಅವರ ಭಾಷೆಯ ಕಣಿವೆ ಎಂಬ ಅರ್ಥದ ಮಾತನ್ನು ತರಿಸಿಕೊಂಡರು. 1875ರಲ್ಲಿ ಪ್ಯಾಸಡೀನಾ ಎಂಬ ಹೆಸರು ನಿಂತಿತು. ಅದೇ ನೆಲದ ತೋಂಗ್ವಾ ಜನರ ನುಡಿ ಇದ್ದಂತೆಯೇ, ಸಾವಿರಾರು ಮೈಲಿ ದೂರದ ಹಿಮದ ನಾಡಿನ ನುಡಿಯೊಂದು ಬೆಚ್ಚನೆಯ ಊರಿಗೆ ಹೆಸರಾಯಿತು!

ನೀರು, ರೈಲು, ಪ್ರಚಾರ

ಬಿಸಿಲು ಧಾರಾಳವಾಗಿತ್ತು, ಆದರೆ ಬಿಸಿಲೊಂದರಿಂದಲೇ ಕಿತ್ತಳೆಯು ಬೆಳೆಯದು. ಈಟನ್ನರ ಮೇಲ್ವಿಚಾರಣೆಯಲ್ಲಿ ಒಣಹಳ್ಳದ ಮೇಲ್ಭಾಗದ ಊಟೆಗಳಿಂದ ಕಬ್ಬಿಣದ ಕೊಳವೆಗಳ ಮೂಲಕ ನೀರನ್ನು ಕೆರೆಯೊಂದಕ್ಕೆ ತಂದು, ಅಲ್ಲಿಂದ ತೋಟಗಳಿಗೆ ಹಂಚಿದರು. ವಕೀಲರು, ವೈದ್ಯರು, ಉಪಾಧ್ಯಾಯರು ಗುದ್ದಲಿ ಹಿಡಿದು ಪಾತಿ ಮಾಡುವುದನ್ನು ಕಲಿತರು. ಸಸಿಗಳು ಫಲ ಕೊಡುವವರೆಗೆ ಹಲವು ವರ್ಷ ಕಾಯಬೇಕಾಯಿತು.

1876ರಲ್ಲಿ ಲಾಸ್ ಏಂಜಲೀಸಿಗೂ 1885ರಲ್ಲಿ ಪ್ಯಾಸಡೀನಾಕ್ಕೂ ರೈಲು ಬಂದಿತು. 1887ರಲ್ಲಿ ಎರಡು ರೈಲ್ವೆ ಕಂಪನಿಗಳು ಒಂದನ್ನೊಂದು ಸೋಲಿಸಲು ದರವನ್ನಿಳಿಸುತ್ತ ಬಂದು, ಮಾರ್ಚಿಯ ಒಂದು ದಿನ ಮಿಸೌರಿ ನದಿಯ ಕಡೆಯಿಂದ ಲಾಸ್ ಏಂಜಲೀಸಿಗೆ ಒಂದೇ ಡಾಲರಿಗೆ ಟಿಕೀಟು ದೊರೆಯುವಷ್ಟಾಯಿತು. ಜನರು ನುಗ್ಗಿದರು, ಕಿತ್ತಳೆ ಮರಗಳನ್ನು ಕಡಿದು ನಿವೇಶನಗಳನ್ನಾಗಿ ಮಾರಿದರು. 1886ರಲ್ಲಿ ಊರಿಗೆ ಪೌರಸಭೆಯಾಯಿತು. 1888ರಲ್ಲಿ ಬೆಲೆಗಳು ಕುಸಿದು ಅನೇಕರು ಹಾಳಾದರು. ಊರು ಮಾತ್ರ ಉಳಿಯಿತು. ಕ್ಷಯರೋಗಿಗಳೂ, ವಿರಾಮವನ್ನು ಬಯಸುವ ಧನಿಕರೂ ಬರುತ್ತಲೇ ಇದ್ದರು. ಉತ್ತರದವರು ಹಿಮದಲ್ಲಿ ಹುದುಗಿರುವಾಗ ತಮ್ಮಲ್ಲಿ ಗುಲಾಬಿಯು ಅರಳಿರುವುದೆಂದು ಲೋಕಕ್ಕೆ ಸಾರುವುದಕ್ಕಾಗಿಯೇ, 1890ರ ಜನವರಿ 1ರಂದು ಹೂವಿನ ಮೆರವಣಿಗೆಯೊಂದನ್ನು ಹೊರಡಿಸಿದರು. ಅದು ಇಂದಿಗೂ ನಡೆಯುತ್ತಿದೆ. 1895ರಲ್ಲಿ ಲಾಸ್ ಏಂಜಲೀಸಿಗೆ ವಿದ್ಯುತ್ ಟ್ರಾಮು ಆದ ಮೇಲೆ, ತೋಟಗಾರರ ಊರು ನಗರದ ಉಪನಗರವಾಗಿ ಮಾರ್ಪಟ್ಟಿತು.

ನಮ್ಮವರಿಗೂ ಈ ಊರಿಗೂ ಒಂದು ಸಂಬಂಧವುಂಟು. 1892ರಲ್ಲಿ ಬೆಳಗಾವಿ, ಬೆಂಗಳೂರು, ಮೈಸೂರುಗಳಲ್ಲಿ ತಂಗಿದ್ದ ಸ್ವಾಮಿ ವಿವೇಕಾನಂದರು, 1900ರ ಆರಂಭದಲ್ಲಿ ದಕ್ಷಿಣ ಪ್ಯಾಸಡೀನಾದ ಮೀಡ್ ಸಹೋದರಿಯರ ಮನೆಯಲ್ಲಿ ಅತಿಥಿಗಳಾಗಿದ್ದರು. ಪ್ಯಾಸಡೀನಾದ ಷೇಕ್ಸ್‌ಪಿಯರ್ ಕ್ಲಬ್ಬಿನಲ್ಲಿ ಅವರು ರಾಮಾಯಣ, ಮಹಾಭಾರತಗಳನ್ನು ಕುರಿತು ಉಪನ್ಯಾಸ ಮಾಡಿದರು. ಜನವರಿ 27ರಂದು, ಎಂದರೆ ಭೂಮಿಯ ಹಂಚಿಕೆಯಾಗಿ ಸರಿಯಾಗಿ 26 ವರ್ಷಗಳಾದ ದಿನ, ಅಲ್ಲಿಯೇ ತಮ್ಮ ಜೀವನೋದ್ದೇಶವನ್ನೂ ಭಾರತದ ಬಡಜನರ ಸ್ಥಿತಿಯನ್ನೂ ಕುರಿತು ಮಾತನಾಡಿದರು.

ಇನ್ನೊಂದು ಸಂಸಾರ

ಅತಿಥಿಯನ್ನು ಆದರಿಸುವುದು ಬೇರೆ, ನೆರೆಯವನನ್ನಾಗಿ ಒಪ್ಪುವುದು ಬೇರೆ. 1885ರ ನವೆಂಬರಿನಲ್ಲಿಯೇ ಊರಿನ ಪುಂಡರು ಚೀನೀಯರ ಅಗಸೆ ಅಂಗಡಿಯ ಮೇಲೆ ಕಲ್ಲೆಸೆದು, ಅಂಗಡಿಯು ಬೆಂಕಿಗೆ ಆಹುತಿಯಾಗಿ, ಚೀನೀಯರು ಊರ ನಡುಭಾಗವನ್ನು ಬಿಟ್ಟು ಹೋಗಬೇಕಾಯಿತು. ಮೆಕ್ಸಿಕೋ ಮೂಲದವರೂ ನೀಗ್ರೋ ಜನರೂ ತೋಟಗಳಲ್ಲಿಯೂ ಧನಿಕರ ಮನೆಗಳಲ್ಲಿಯೂ ದುಡಿಯಲು ಬೇಕಾಗಿದ್ದರು. ಪಕ್ಕದ ಮನೆಯಲ್ಲಿ ಬೇಕಾಗಿರಲಿಲ್ಲ. ಬಿಳಿಯರಲ್ಲದವರಿಗೆ ಮಾರಕೂಡದೆಂಬ ಕರಾರುಗಳನ್ನು ಮನೆಗಳ ಕ್ರಯಪತ್ರಗಳಲ್ಲಿಯೇ ಬರೆಯಿಸುವ ಪದ್ಧತಿ ಬೆಳೆಯಿತು. ಭಾರತೀಯರ ಪಾಡೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಅವರು ಆ ದೇಶದ ಪೌರರಾಗಲಾರರೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ತೀರ್ಮಾನಿಸಿತು. ಆ ಬಾಗಿಲು 1946ರವರೆಗೆ ತೆರೆಯಲಿಲ್ಲ.

ಇಂಥ ಕಾಲದಲ್ಲಿ, 1920ರಲ್ಲಿ, ದಕ್ಷಿಣದ ಜಾರ್ಜಿಯಾ ಸಂಸ್ಥಾನದಿಂದ ಮ್ಯಾಲಿ ರಾಬಿನ್ಸನ್ ಎಂಬ ನೀಗ್ರೋ ತಾಯಿಯು ಐದು ಮಕ್ಕಳೊಡನೆ ರೈಲು ಹತ್ತಿದಳು. ಗಂಡನು ಬಿಟ್ಟುಹೋಗಿದ್ದನು, ಕಡೆಯ ಮಗುವಿಗೆ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ. ಪ್ಯಾಸಡೀನಾದಲ್ಲಿದ್ದ ಸಹೋದರನೊಬ್ಬನೇ ಆಕೆಗೆ ಆಸರೆ. ಇಂಡಿಯಾನದವರು ಚಳಿಯನ್ನು ಬಿಟ್ಟು ಬಂದರು. ಈಕೆ ಗೇಣಿ ಒಕ್ಕಲುತನದ ಬಡತನವನ್ನೂ ವರ್ಣದ್ವೇಷವನ್ನೂ ಬಿಟ್ಟು ಬಂದಳು.

ಆಕೆ ಹಗಲೆಲ್ಲ ಪರರ ಮನೆಗಳಲ್ಲಿ ಕೆಲಸಕ್ಕೆ ಹೋಗಬೇಕಾಗಿತ್ತು. ಕಿರಿಯ ಮಗುವನ್ನು ನೋಡಿಕೊಳ್ಳುವವರಿಲ್ಲ. ಶಾಲೆಗೆ ಹೋಗುವ ಮಗಳು ವಿಲ್ಲಾ ಮೇಯ್ ತಮ್ಮನನ್ನು ಜೊತೆಗೆ ಕರೆದೊಯ್ದು ಶಾಲೆಯ ಅಂಗಳದ ಮರಳಿನಲ್ಲಿ ಆಡಲು ಬಿಡುತ್ತಿದ್ದಳು. ತಾಯಿಯು ಕೇಳಿಕೊಂಡುದರಿಂದ ಉಪಾಧ್ಯಾಯಿನಿಯು ಇದಕ್ಕೆ ಒಪ್ಪಿದ್ದಳು. ಮಳೆ ಬಂದ ದಿನ ಮಾತ್ರ ಮಗುವಿಗೆ ಒಳಗೆ ಪ್ರವೇಶ. ಆ ಊರಿನ ಬೆಚ್ಚನೆಯ ಹವೆಯು ಯಾರಿಗಾದರೂ ನಿಜವಾಗಿ ಉಪಕಾರ ಮಾಡಿದ್ದರೆ ಈ ಬಡ ತಾಯಿಗೇ ಮಾಡಿತೆನ್ನಬೇಕು.

ಸುಮಾರು 1922ರಲ್ಲಿ ಪೆಪ್ಪರ್ ಬೀದಿಯಲ್ಲಿ ಆಕೆಯ ಕುಟುಂಬವು ಒಂದು ಮನೆಯನ್ನು ಕೊಂಡಿತು. ಬೀದಿಯಲ್ಲಿದ್ದವರೆಲ್ಲ ಬಿಳಿಯರು. ಇವರನ್ನು ಹೊರಡಿಸಬೇಕೆಂದು ನೆರೆಯವರು ಅರ್ಜಿಯೆತ್ತಿದರು, ಆಕೆ ಜಗ್ಗಲಿಲ್ಲ. ಊರಿನ ಸಾರ್ವಜನಿಕ ಈಜುಕೊಳವು ಬಿಳಿಯರಲ್ಲದ ಮಕ್ಕಳಿಗೆ ವಾರದಲ್ಲಿ ಒಂದೇ ದಿನ ತೆರೆಯುತ್ತಿತ್ತು. ಬಿಸಿಲು ಮಾತ್ರ ಏಳು ದಿನವೂ ಎಲ್ಲರ ಮೇಲೆಯೂ ಬೀಳುತ್ತಿತ್ತು! ಆಕೆಯ ಮಗ ಮ್ಯಾಕ್ 1936ರ ಬರ್ಲಿನ್ ಒಲಿಂಪಿಕ್ ಪಂದ್ಯಗಳ 200 ಮೀಟರು ಓಟದಲ್ಲಿ ಬೆಳ್ಳಿಯ ಪದಕವನ್ನು ಗಳಿಸಿ ಬಂದರೂ, ಊರಿನಲ್ಲಿ ಅವನಿಗೆ ದೊರೆತುದು ಬೀದಿ ಗುಡಿಸುವ ಕೆಲಸ. ಮರಳಿನಲ್ಲಿ ಆಡುತ್ತಿದ್ದ ಕಿರಿಯವನೇ ಜ್ಯಾಕಿ ರಾಬಿನ್ಸನ್. ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಬಿಳಿಯರಿಗೇ ಮೀಸಲಾಗಿದ್ದ ಅಮೆರಿಕದ ಪ್ರಧಾನ ಬೇಸ್‌ಬಾಲ್ ಪಂದ್ಯಗಳಲ್ಲಿ 1947ರ ಏಪ್ರಿಲ್ 15ರಂದು ಆಡಿ ಆ ಕಟ್ಟನ್ನು ಮುರಿದವನು.

ಕ್ರಯಪತ್ರಗಳ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡಕೂಡದೆಂದು 1948ರಲ್ಲಿ ಶ್ರೇಷ್ಠ ನ್ಯಾಯಾಲಯವು ವಿಧಿಸಿತು. 1970ರಲ್ಲಿ ಪ್ಯಾಸಡೀನಾದ ಶಾಲೆಗಳಲ್ಲಿನ ವರ್ಣಭೇದವನ್ನು ಹೋಗಲಾಡಿಸಬೇಕೆಂದು ಇನ್ನೊಂದು ನ್ಯಾಯಾಲಯದ ಆಜ್ಞೆಯಾಯಿತು. 1997ರಲ್ಲಿ ಪೌರಸಭಾಭವನದ ಎದುರಿಗೆ ಇಬ್ಬರು ಸಹೋದರರ ಬೃಹತ್ತಾದ ಕಂಚಿನ ಶಿರಗಳನ್ನು ನಿಲ್ಲಿಸಿದರು. ಜ್ಯಾಕಿಯ ಮುಖವು ತಾನು ಕೀರ್ತಿ ಪಡೆದ ಪೂರ್ವದಿಕ್ಕಿನತ್ತ ತಿರುಗಿದೆ. ಮ್ಯಾಕನ ಮುಖವು ಪೌರಸಭೆಯನ್ನೇ ನೋಡುತ್ತಿದೆ.

ಉಪಸಂಹಾರ

ಯಾವ ಹವೆಗಾಗಿ ಜನರು ಬಂದರೋ ಆ ಹವೆಯೂ ಇದ್ದಂತೆ ಇರಲಿಲ್ಲ. ಮೋಟಾರುಗಳು ಹೆಚ್ಚಿದವು, 1940ರಲ್ಲಿ ಒಣಹಳ್ಳದ ದಂಡೆಯುದ್ದಕ್ಕೂ ಲಾಸ್ ಏಂಜಲೀಸಿಗೆ ವೇಗದ ಹೆದ್ದಾರಿಯಾಯಿತು. ತಪ್ಪಲಿನ ಬೆಟ್ಟಗಳು ಹೊಗೆಯನ್ನು ತಡೆದು ನಿಲ್ಲಿಸಿದವು. ಆ ಕಂದು ಮಬ್ಬಿಗೆ ಮೋಟಾರಿನ ಹೊಗೆಯ ಮೇಲೆ ಬಿಸಿಲು ಬಿದ್ದು ನಡೆಯುವ ರಾಸಾಯನಿಕ ಕ್ರಿಯೆಯೇ ಕಾರಣವೆಂದು ತೋರಿಸಿಕೊಟ್ಟವರು ಅದೇ ಊರಿನ ಕ್ಯಾಲಿಫೋರ್ನಿಯಾ ತಾಂತ್ರಿಕ ವಿದ್ಯಾಸಂಸ್ಥೆಯ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿಗಳು. ಮತ್ತೆ 2025ರ ಜನವರಿ 7ರಂದು, ನೀರು ತಂದ ಈಟನ್ನರ ಹೆಸರನ್ನೇ ಹೊತ್ತ ಕಣಿವೆಯ ಬಳಿ ಬೆಂಕಿ ಹುಟ್ಟಿ, ಒಣಗಾಳಿಯ ರಭಸಕ್ಕೆ ಹಬ್ಬಿ, ನೆರೆಯ ಆಲ್ಟಡೀನಾದಲ್ಲಿ 9,000ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. ಅನೇಕರು ಪ್ರಾಣ ಕಳೆದುಕೊಂಡರು. ಬೇರೆ ಕಡೆ ಮನೆ ಸಿಕ್ಕದಿದ್ದ ಕಾಲದಲ್ಲಿ ಅಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದ ನೀಗ್ರೋ ಸಂಸಾರಗಳು ಹಲವು ಆ ಬೆಂಕಿಯಲ್ಲಿ ನೆಲೆ ಕಳೆದುಕೊಂಡವು.

ಸಂಸಾರವನ್ನು ಹೊಸ ಊರಿಗೆ ಸಾಗಿಸುವವರು ಹವೆ, ನೀರು, ಮನೆಯ ಬೆಲೆ, ಹಾದಿಯ ಅನುಕೂಲ ಇವುಗಳನ್ನು ವಿಚಾರಿಸುವುದು ಸಹಜ. ಪ್ಯಾಸಡೀನಾದ ಚರಿತ್ರೆಯು ಇವುಗಳ ಜೊತೆಗೆ ಮತ್ತೊಂದನ್ನು ಸೇರಿಸಬೇಕೆಂದು ಹೇಳುತ್ತದೆ. ನೀರನ್ನು ಕೊಳವೆಯಲ್ಲಿ ತರಬಹುದು, ಹಾದಿಯನ್ನು ಹಣದಿಂದ ಮಾಡಬಹುದು. ಬಂದವರನ್ನು ತಮ್ಮವರೆಂದು ಒಪ್ಪುವ ಮನಸ್ಸು ಮೊದಲೇ ಅಲ್ಲಿದ್ದವರಲ್ಲಿ ಹುಟ್ಟಬೇಕು. 1874ರ ಹಂಚಿಕೆಯ ದಿನ, ಕಡಿಮೆಯುಳ್ಳವನು ಮೊದಲು ಆರಿಸಿಕೊಳ್ಳಲಿ ಎಂದ ನಾಲಗೆ, ತನ್ನವರ ಬಳಗವನ್ನು ದಾಟಿ ಅದೇ ಮಾತನ್ನಾಡಲು ಬಹುಕಾಲ ಹಿಡಿಯಿತು. ಆ ಬೆಂಕಿಯ ಬೂದಿಯ ಮೇಲೆ ಮತ್ತೆ ಮನೆಗಳೇಳುವಾಗ ಯಾರು ಮರಳಿ ಬರುವರು, ಯಾರಿಗೆ ಬರಲಾಗದು ಎಂಬುದರಿಂದ, ಆ ಪಾಠವನ್ನು ಊರು ಎಷ್ಟರಮಟ್ಟಿಗೆ ಕಲಿತಿದೆಯೆಂಬುದು ತಿಳಿದುಬರುವುದು.